‘ಹೋದಲಿಲ್ಲ’ ಅಂತ ಯಾರೂ ಅನ್ನಲ್ಲ

ಮಂಡ್ಯದ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷಿನ ಸಿಂಪಲ್ ಪಾಸ್ಟ್, ಅಂದರೆ ಸರಳ ಭೂತಕಾಲ, ಹೇಳಿಕೊಡುವಾಗ ನಾನು ಶುರು ಮಾಡುವುದು ‘ಇಲ್ಲ’ದಿಂದ. ‘ಐ ವೆಂಟ್’ ಎಲ್ಲರಿಗೂ ಬರುತ್ತೆ. ಅದರ ಬೆನ್ನಿಗೇ ‘ಐ ಡಿಡ್ ನಾಟ್ ವೆಂಟ್’ ಕೂಡ ಬರುತ್ತೆ.

ಬೋರ್ಡಿನ ಮೇಲೆ ‘ಹೋದೆ’, ಅದರ ಕೆಳಗೆ ‘ಹೋಗಲಿಲ್ಲ’ ಬರೆಯುತ್ತೇನೆ. ‘ಹೋದಲಿಲ್ಲ’ ಅಂತೀರಾ ಎಂದು ಕೇಳಿದರೆ ಮಕ್ಕಳು ನಗುತ್ತಾರೆ. ‘ಡಿಡ್ ನಾಟ್ ವೆಂಟ್’ ಅಂದರೆ ಅದೇ! ‘ಲಿಲ್ಲ’ ಸೇರಿದರೆ ‘ಹೋದ’ ನಿಲ್ಲಲ್ಲ, ‘ಡಿಡ್’ ಬಂದರೆ ‘ವೆಂಟ್’ ನಿಲ್ಲಲ್ಲ. ಆಗಿಹೋದದ್ದು ಅಂತ ‘ಡಿಡ್’ ಹೇಳಿಯಾಯಿತು, ಕ್ರಿಯಾಪದ ಮತ್ತೆ ಹೇಳಬೇಕಿಲ್ಲ. ತಿಂದೆ, ತಿನ್ನಲಿಲ್ಲ: ಏಟ್, ಡಿಡ್ ನಾಟ್ ಈಟ್. ಬಂದರು, ಬರಲಿಲ್ಲ: ಕೇಮ್, ಡಿಡ್ ನಾಟ್ ಕಮ್. ಇಂಥ ಹತ್ತು ಜೋಡಿ ಬಾಯಲ್ಲಿ ಹೇಳಿಸಿದ ಮೇಲೇ ನೋಟ್‌ಬುಕ್ ತೆಗೆಸುವುದು. ‘ವಾಸ್’, ‘ವರ್’ ಮಾತ್ರ ಬೇರೆ. ಅವಕ್ಕೆ ‘ಡಿಡ್’ ಬೇಡ, ನೇರವಾಗಿ ‘ನಾಟ್’.

ಪ್ರಶ್ನೆಯಲ್ಲಿ ಕನ್ನಡ ಕೈಕೊಡುತ್ತದೆ. ‘ಹೋದೆಯಾ?’ ಅನ್ನುವಾಗ ‘ಹೋದೆ’ ಹಾಗೇ ಉಳಿಯುತ್ತಲ್ಲ, ಅದಕ್ಕೇ ‘ಡಿಡ್ ಯು ವೆಂಟ್?’ ಅಂತಾರೆ. ಹಾಗಾಗಿ ಪ್ರಶ್ನೆಯನ್ನು ‘ಇಲ್ಲ’ದ ವಾಕ್ಯದಿಂದಲೇ ಮಾಡಿಸುತ್ತೇನೆ: ಯು ಡಿಡ್ ನಾಟ್ ಗೋ, ಡಿಡ್ ಯು ಗೋ?

ಇನ್ನೊಂದು ತಪ್ಪು ನಮ್ಮ ಮಾತಿನ ರೂಢಿಯಿಂದಲೇ ಬರುವಂಥದ್ದು. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಅಂತೀವಿ. ಆ ‘ಇದ್ದೆ’ಯೇ ‘ಹ್ಯಾಡ್’ ಆಗಿ ‘ಐ ಹ್ಯಾಡ್ ಗಾನ್ ಯೆಸ್ಟರ್‌ಡೇ’ ಆಗುತ್ತೆ. ಬರೀ ನಿನ್ನೆಯ ಸುದ್ದಿಗೆ ‘ವೆಂಟ್’ ಸಾಕು. ಮದ್ದೂರು ಬಸ್‌ಸ್ಟ್ಯಾಂಡಿಗೆ ನಾನು ಬರುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು ಅನ್ನಬೇಕಾದರೆ, ಆಗ ‘ದ ಬಸ್ ಹ್ಯಾಡ್ ಲೆಫ್ಟ್’.

‘ಇ-ಡಿ’ ಸೇರಿಸುವುದು ಬೇಗ ಬರುತ್ತೆ. ‘ಟ್ರೈ’ನ ವೈ ಹೋಗಿ ಐ ಬರುತ್ತೆ, ‘ಪ್ಲೇ’ನಲ್ಲಿ ವೈ ಹಿಂದೆ ಸ್ವರ ಇರುವುದರಿಂದ ಹಾಗೇ ಇರುತ್ತೆ. ಕಷ್ಟ ಇರುವುದು ಉಚ್ಚಾರಣೆಯಲ್ಲಿ. ‘ವಾಕೆಡ್’, ‘ಕುಕೆಡ್’ ಅಂತ ಓದಿಬಿಡುತ್ತಾರೆ. ‘ಎಡ್’ ಅಂತ ಕೇಳಬೇಕಾದ್ದು ಮೂಲಪದ ಟ್ ಅಥವಾ ಡ್ ಸದ್ದಿನಲ್ಲಿ ಮುಗಿದರೆ ಮಾತ್ರ: ವಾಂಟೆಡ್, ನೀಡೆಡ್. ಉಳಿದವಕ್ಕೆ ಗಂಟಲಿನ ಮೇಲೆ ಬೆರಳಿಟ್ಟು ಕೊನೆಯ ಸದ್ದು ಹೇಳಿಸುತ್ತೇನೆ. ಕಂಪಿಸಿದರೆ ಡ್, ‘ಲಿವ್ಡ್’. ಕಂಪಿಸದಿದ್ದರೆ ಟ್, ‘ವಾಕ್ಟ್’.

ಬದಲಾಗದ ‘ಕಟ್’, ‘ಪುಟ್’ ಕೊನೆಗೆ. ‘ದೇ ಕಟ್ ದ ಕೇನ್’ ಅಂದರೆ ಕಬ್ಬು ಕಡೀತಾರೋ, ಕಡಿದರೋ? ಜೊತೆಗೆ ‘ಯೆಸ್ಟರ್‌ಡೇ’ಯಂಥ ಪದ ಇಲ್ಲದಿದ್ದರೆ ಗೊತ್ತಾಗಲ್ಲ. ‘ಹೀ ಕಟ್’ ಅಂದರೆ ಕಡಿದ ಅಂತಲೇ. ಕಡೀತಾನೆ ಅನ್ನಲು ‘ಕಟ್ಸ್’ ಇರಬೇಕಿತ್ತು.