ಫೋನ್ ರಿಂಗ್ ಆಗುವ ಮುನ್ನ ಎಕ್ಸ್‌ಚೇಂಜುಗಳು ಏನು ಮಾತಾಡಿಕೊಳ್ಳುತ್ತವೆ?

ಕೊನೆಯ ಅಂಕಿ ಒತ್ತಿದ ಮೇಲೆ ರಿಂಗ್ ಕೇಳಿಸುವವರೆಗಿನ ಒಂದೆರಡು ಸೆಕೆಂಡುಗಳಲ್ಲಿ ದೂರವಾಣಿ ಎಕ್ಸ್‌ಚೇಂಜುಗಳು ಪರಸ್ಪರ ಹಲವು ಸಂದೇಶಗಳನ್ನು ಕಳಿಸಿಕೊಂಡಿರುತ್ತವೆ. ಇವು ನಿಮ್ಮ ದನಿ ಸಾಗುವ ಸರ್ಕ್ಯೂಟಿನಲ್ಲಿ ಹೋಗುವುದಿಲ್ಲ. ಇವುಗಳಿಗೆಂದೇ ಬೇರೆ ಜಾಲವಿದೆ. ಹಿಂದೆ ಹಾಗಿರಲಿಲ್ಲ. ಅಮೆರಿಕದ ದೂರದ ಕರೆಗಳ ಲೈನುಗಳಲ್ಲಿ 2600 ಹರ್ಟ್ಸ್‌ನ ಸ್ವರವು ‘ಲೈನ್ ಖಾಲಿಯಿದೆ’ ಎಂಬ ಸೂಚನೆಯಾಗಿತ್ತು. ಮಾತಿನ ದಾರಿಯಲ್ಲೇ ಸೂಚನೆಯೂ ಓಡಾಡುತ್ತಿದ್ದುದರಿಂದ, ಅದೇ ಸ್ವರವನ್ನು ಊದಿ ಬಿಟ್ಟಿಯಾಗಿ ಕರೆ ಮಾಡುವ ಚಾಲಾಕಿಗಳು ಹುಟ್ಟಿಕೊಂಡರು. ಎರಡು ದಾರಿಗಳನ್ನೂ ಬೇರ್ಪಡಿಸಿದ ವ್ಯವಸ್ಥೆಗಳಲ್ಲಿ ಹೆಚ್ಚು ಬಳಕೆಗೆ ಬಂದದ್ದು 1980ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಎಸ್‌ಎಸ್‌7 (ಸಿಗ್ನಲಿಂಗ್ ಸಿಸ್ಟಂ 7).

ಮೊದಲ ಹಂತ, ಸಂದೇಶ ಬರೆಯುವುದು. ನೀವು ಒತ್ತಿದ ಸಂಖ್ಯೆಯನ್ನು ನೋಡಿ ಎಕ್ಸ್‌ಚೇಂಜು ಮುಂದಿನ ಎಕ್ಸ್‌ಚೇಂಜಿನ ಕಡೆಗೆ ಖಾಲಿಯಿರುವ ಒಂದು ಸರ್ಕ್ಯೂಟನ್ನು ಹಿಡಿದಿಟ್ಟುಕೊಂಡು, ‘ಐಎಎಂ’ ಎಂಬ ಆರಂಭಿಕ ಸಂದೇಶವನ್ನು ಸಿದ್ಧಪಡಿಸುತ್ತದೆ. ಕರೆಯಬೇಕಾದ ಸಂಖ್ಯೆ, ಹಿಡಿದಿಟ್ಟ ಸರ್ಕ್ಯೂಟಿನ ಸಂಖ್ಯೆ, ಕಳಿಸುವವರ ಮತ್ತು ಪಡೆಯುವವರ ವಿಳಾಸಗಳು ಅದರಲ್ಲಿರುತ್ತವೆ. ಪಾಯಿಂಟ್ ಕೋಡ್ ಎನ್ನುವ ಈ ವಿಳಾಸ ಅಂತರರಾಷ್ಟ್ರೀಯ ಮಾನಕದಲ್ಲಿ 14 ಬಿಟ್, ಉತ್ತರ ಅಮೆರಿಕದಲ್ಲಿ 24 ಬಿಟ್. ಇಲ್ಲಿ ಹಲವರು ಎಡವುತ್ತಾರೆ: ಪಾಯಿಂಟ್ ಕೋಡ್ ನೀವು ಕರೆಯುತ್ತಿರುವವರದಲ್ಲ, ಮುಂದಿನ ಎಕ್ಸ್‌ಚೇಂಜಿನದು. ಆ ಎಕ್ಸ್‌ಚೇಂಜು ತನ್ನ ಸರದಿ ಬಂದಾಗ ಹೊಸ ಸರ್ಕ್ಯೂಟ್ ಹಿಡಿದು ಹೊಸ ಐಎಎಂ ಬರೆಯುತ್ತದೆ.

ಎರಡನೆಯದು, ಸಂದೇಶಗಳಿಗೆಂದೇ ಇರುವ ದಾರಿಯ, ಅಂದರೆ ಲಿಂಕಿನ, ಮೇಲೆ ಸುರಕ್ಷಿತವಾಗಿ ದಾಟಿಸುವುದು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜಾಣತನವಿರುವುದು ಇಲ್ಲಿಯೇ. ಸಾಮಾನ್ಯ ಲಿಂಕಿನ ವೇಗ ಸೆಕೆಂಡಿಗೆ ಕೇವಲ 64 ಕಿಲೋಬಿಟ್. ಸಂದೇಶದ ಗಡಿಯನ್ನು 01111110 ಎಂಬ ಗುರುತು ತೋರಿಸುತ್ತದೆ. ಸಂದೇಶದ ಒಳಗೇ ಅಂಥದ್ದು ಬಂದರೆ ಗಡಿಯೆಂದು ತಪ್ಪು ತಿಳಿಯಬಾರದಲ್ಲ; ಹಾಗಾಗಿ ಸತತ ಐದು ಒಂದುಗಳಾದೊಡನೆ ಕಳಿಸುವವರು ಒಂದು ಸೊನ್ನೆಯನ್ನು ತುರುಕುತ್ತಾರೆ, ಪಡೆಯುವವರು ಅದನ್ನು ತೆಗೆದುಹಾಕುತ್ತಾರೆ. ಪ್ರತಿ ಸಂದೇಶಕ್ಕೂ 0ರಿಂದ 127ರವರೆಗಿನ ಕ್ರಮಸಂಖ್ಯೆ, ಕೊನೆಯಲ್ಲಿ ತಪ್ಪು ಪತ್ತೆಗೆ 16 ಬಿಟ್‌ಗಳ ಲೆಕ್ಕ. ಆ ಲೆಕ್ಕ ತಾಳೆಯಾಗದಿದ್ದರೆ ಸಾಮಾನ್ಯ ಲಿಂಕುಗಳಲ್ಲಿ ಆ ಸಂದೇಶದಿಂದ ಮುಂದಿನದ್ದನ್ನೆಲ್ಲ ಮತ್ತೆ ಕ್ರಮವಾಗಿ ಕಳಿಸಬೇಕು. ಕಳಿಸಲು ಏನೂ ಇಲ್ಲದಿದ್ದಾಗಲೂ ಲಿಂಕು ಸುಮ್ಮನಿರುವುದಿಲ್ಲ. ಖಾಲಿ ಘಟಕಗಳು ಹರಿಯುತ್ತಲೇ ಇರುತ್ತವೆ, ಲಿಂಕು ಕೆಟ್ಟರೆ ಕರೆ ಬರುವವರೆಗೆ ಕಾಯದೆ ಅದು ತಿಳಿದುಬಿಡುತ್ತದೆ.

ಮೂರನೆಯದು, ದಾರಿ ತೋರಿಸುವುದು. ಎಸ್‌ಟಿಪಿ ಎಂಬ ವಿಂಗಡಣಾ ಕೇಂದ್ರಗಳು ಇಂಥ ಸಂದೇಶದ ಪಾಯಿಂಟ್ ಕೋಡ್ ನೋಡಿ ಮುಂದಕ್ಕೆ ಕಳಿಸುತ್ತವೆ. ಕರೆ ಯಾರದೆಂಬ ಗೊಡವೆ ಅವಕ್ಕೆ ಬೇಕಿಲ್ಲ. ಇವುಗಳನ್ನು ಜೋಡಿಯಾಗಿ ಇಡುತ್ತಾರೆ. ಒಂದು ಕೆಟ್ಟರೆ ಇನ್ನೊಂದು ಇಡೀ ಹೊರೆ ಹೊರಬೇಕಾದ್ದರಿಂದ, ಮಾಮೂಲಿ ದಿನಗಳಲ್ಲಿ ಲಿಂಕನ್ನು ಅದರ ಸಾಮರ್ಥ್ಯದ ಸುಮಾರು 40 ಪ್ರತಿಶತಕ್ಕಿಂತ ಹೆಚ್ಚು ತುಂಬಿಸುವುದಿಲ್ಲ. ಒಂದೇ ಕರೆಯ ಸಂದೇಶಗಳು ಹಿಂದುಮುಂದಾಗದಂತೆ, ಸರ್ಕ್ಯೂಟ್ ಸಂಖ್ಯೆಯ ಕೊನೆಯ 4 ಬಿಟ್‌ಗಳ ಆಧಾರದ ಮೇಲೆ ಅವೆಲ್ಲವನ್ನೂ ಒಂದೇ ಲಿಂಕಿಗೆ ಹಾಕಲಾಗುತ್ತದೆ.

ಉಳಿದದ್ದು ಸರಳ. ಆಚೆಯ ಎಕ್ಸ್‌ಚೇಂಜು ಸಂಖ್ಯೆ ಪೂರ್ತಿ ಸಿಕ್ಕಿತೆಂದು ‘ಎಸಿಎಂ’ ಕಳಿಸುತ್ತದೆ, ರಿಸೀವರ್ ಎತ್ತಿದಾಗ ‘ಎಎನ್‌ಎಂ’ ಬರುತ್ತದೆ, ಬಿಲ್ಲಿನ ಲೆಕ್ಕ ಸಾಮಾನ್ಯವಾಗಿ ಅಲ್ಲಿಂದ ಶುರು. ಕರೆ ಮುಗಿದಾಗ ಸರ್ಕ್ಯೂಟ್ ಬಿಡಿ ಎನ್ನುವ ‘ಆರ್‌ಇಎಲ್’, ಅದಕ್ಕೆ ಉತ್ತರವಾಗಿ ಬಿಟ್ಟಾಯಿತು ಎನ್ನುವ ‘ಆರ್‌ಎಲ್‌ಸಿ’. ಆಚೆಯವರು ಬೇರೆ ಕರೆಯಲ್ಲಿದ್ದರೆ ಆರ್‌ಇಎಲ್ ಮೊದಲೇ ಬರುತ್ತದೆ, ಅದರಲ್ಲಿ ಕಾರಣದ ಸಂಖ್ಯೆ 17. ಆಗ ನಡುವಿನ ಸರ್ಕ್ಯೂಟುಗಳೆಲ್ಲ ಬಿಡುಗಡೆಯಾಗುತ್ತವೆ. ನೀವು ಕೇಳುವ ಬಿಜಿ ಟೋನ್ ಬರುವುದು ಸಾಮಾನ್ಯವಾಗಿ ನಿಮ್ಮದೇ ಎಕ್ಸ್‌ಚೇಂಜಿನಿಂದ.

ಈಗ ಇದೇ ಸಂದೇಶಗಳು ಹಲವೆಡೆ ಇಂಟರ್‌ನೆಟ್ ಮಾದರಿಯ ಐಪಿ ಜಾಲದ ಮೇಲೆ ಸಾಗುತ್ತವೆ. ಎರಡನೆಯ ಹಂತದ ಗಡಿ ಗುರುತು, ತುರುಕಿದ ಸೊನ್ನೆಗಳು ಅಲ್ಲಿ ಬೇಕಾಗುವುದಿಲ್ಲ. ಐಎಎಂನ ಒಳಗಿನ ಬರಹ ಮಾತ್ರ ಹಾಗೆಯೇ ಉಳಿದಿದೆ.