ಗ್ರೀಕರ ಸೊಪ್ಪಿನ ಪೈ: ಮೊದಲು ನೀರು ಹಿಂಡಿ, ಆಮೇಲೆ ಹಾಳೆ ಬಿಡಿಸಿ

ಗ್ರೀಸ್‌ನ ಬೇಕರಿಗಳಲ್ಲಿ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಖಾಲಿಯಾಗುವ ತಟ್ಟೆಗಳಲ್ಲಿ ಪೈ ತಟ್ಟೆಯೂ ಒಂದು. ಪಾಲಕ್ ಹಾಕಿದ್ದು ಸ್ಪನಕೋಪಿತಾ. ಬರೀ ಚೀಸ್ ಇದ್ದರೆ ತಿರೋಪಿತಾ. ಈರುಳ್ಳಿ ಜಾತಿಯ ಲೀಕ್ ಹಾಕಿದರೆ ಪ್ರಸೋಪಿತಾ. ಗುಡ್ಡ, ಹೊಲಗಳಲ್ಲಿ ತಾನಾಗೇ ಬೆಳೆದ ನಾಲ್ಕಾರು ಸೊಪ್ಪು ಸೇರಿಸಿದ್ದು ಹೊರ್ತೋಪಿತಾ. ಕೆಲಸಕ್ಕೆ ಹೊರಟವರು ಒಂದು ತುಂಡನ್ನು ಕಾಗದದಲ್ಲಿ ಸುತ್ತಿಸಿಕೊಂಡು ದಾರಿಯಲ್ಲೇ ತಿನ್ನುತ್ತಾರೆ. ಅಂಗಿ ಮೇಲೆ ಚೂರು ಉದುರುತ್ತದೆ. ಉದುರದಿದ್ದರೆ ಪೈ ಸರಿಯಾಗಿ ಬೆಂದಿಲ್ಲ ಅಂತಲೇ ಅರ್ಥ.

ಪೈ ಅಂದ ಕೂಡಲೇ ಸೇಬು, ಸಕ್ಕರೆ, ದಾಲ್ಚಿನ್ನಿ ನೆನಪಾಗುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದು ಉಪ್ಪು-ಹುಳಿಯ ತಿಂಡಿ. ಊಟಕ್ಕೂ ಸೈ, ಸಂಜೆಗೂ ಸೈ.

ಈ ತಿಂಡಿಗೆ ಗ್ರೀಸ್‌ನಲ್ಲೇ ಹೆಸರಾದ ಸೀಮೆ ಅಂದರೆ ವಾಯುವ್ಯ ಮೂಲೆಯ ಇಪಿರಸ್. ಪಿಂದೋಸ್ ಬೆಟ್ಟಸಾಲಿನ ನಾಡು. ಇಲ್ಲಿನ ಕುರಿಗಾಹಿಗಳು ಬೇಸಿಗೆಗೆ ಬೆಟ್ಟ ಹತ್ತುತ್ತಿದ್ದರು, ಚಳಿಗಾಲಕ್ಕೆ ಬಯಲಿಗಿಳಿಯುತ್ತಿದ್ದರು. ಜೊತೆಯಲ್ಲಿ ಹಿಟ್ಟು ಇರುತ್ತಿತ್ತು, ಕುರಿಹಾಲಿನ ಚೀಸ್ ಇರುತ್ತಿತ್ತು, ದಾರಿ ಬದಿಯಲ್ಲಿ ಸೊಪ್ಪು ಸಿಗುತ್ತಿತ್ತು. ಇನ್ನೇನು ಬೇಕು? ಓವನ್ ಇಲ್ಲದ ಕಡೆ ಗಾಸ್ತ್ರಾ ಎಂಬ ಗುಮ್ಮಟದಂಥ ಮುಚ್ಚಳ ಬಳಸುತ್ತಿದ್ದರು. ತಟ್ಟೆಯ ಮೇಲೆ ಅದನ್ನು ಕವುಚಿ, ಅದರ ಮೇಲೆ ಕೆಂಡ ಮತ್ತು ಬಿಸಿ ಬೂದಿ ಹರಡಿದರೆ ಆಯಿತು. ಇವತ್ತಿಗೂ ಇಪಿರಸ್‌ನ ಕೆಲವು ಹಳ್ಳಿಗಳಲ್ಲಿ ಇದರಲ್ಲೇ ಬೇಯಿಸುವವರಿದ್ದಾರೆ.

ಪೈ ಕೆಡುವುದು ಮುಖ್ಯವಾಗಿ ನೀರಿನಿಂದ. ಹೂರಣದಲ್ಲಿ ನೀರು ಉಳಿದರೆ ತಳ ಒದ್ದೆ ಮುದ್ದೆಯಾಗುತ್ತದೆ. ಹೂರಣದ ಕೆಳಗೆ, ಮೇಲೆ ಹಾಸುವ ಫಿಲೋ, ಅಂದರೆ ಕಾಗದದಷ್ಟು ತೆಳ್ಳನೆಯ ಹಿಟ್ಟಿನ ಹಾಳೆಯಲ್ಲಿ ನೀರು ಆರಿಹೋದರೆ ಅದು ಕೈಯಲ್ಲೇ ಪುಡಿಯಾಗುತ್ತದೆ. ಈ ಎರಡನ್ನು ಹಿಡಿತಕ್ಕೆ ತಂದುಕೊಂಡರೆ ಮಿಕ್ಕಿದ್ದು ಸುಲಭ.

ಏನೇನು ಬೇಕು

30 ಸೆಂಟಿಮೀಟರ್ ಅಗಲದ ದುಂಡನೆ ತಟ್ಟೆಗೆ ಈ ಲೆಕ್ಕ. ಬಿಡಿಸಿ ತೊಳೆದ ಸೊಪ್ಪು 1 ಕಿಲೋ. ಈರುಳ್ಳಿ ಸೊಪ್ಪು ಗಡ್ಡೆ ಸಮೇತ 7-8 ಎಳೆ, ಸಾಧಾರಣ ಗಾತ್ರದ ಈರುಳ್ಳಿ ಒಂದು. ಸಬ್ಬಸಿಗೆ ದೊಡ್ಡ ಕಟ್ಟು ಒಂದು, ಪುದೀನ ಒಂದು ಹಿಡಿ. ಫೆಟಾ ಚೀಸ್ 250 ಗ್ರಾಂ. ಮೊಟ್ಟೆ ಎರಡು. ಸಣ್ಣ ರವೆ ಎರಡು ದೊಡ್ಡ ಚಮಚ. ಆಲಿವ್ ಎಣ್ಣೆ ಅರ್ಧ ಕಪ್‌ಗಿಂತ ಸ್ವಲ್ಪ ಜಾಸ್ತಿ. ಕಾಳುಮೆಣಸಿನ ಪುಡಿ, ಒಂದು ಚಿಟಿಕೆ ಜಾಯಿಕಾಯಿ. ಫಿಲೋ ಹಾಳೆಯ ಪ್ಯಾಕ್ ಒಂದು.

ಫಿಲೋ ದೊಡ್ಡ ಊರುಗಳ ಸೂಪರ್‌ಮಾರ್ಕೆಟ್‌ಗಳಲ್ಲಿ ಫ್ರೀಜರ್ ಕಡೆ ಸಿಗುತ್ತದೆ, ಆನ್‌ಲೈನ್‌ನಲ್ಲೂ ತರಿಸಬಹುದು. ಪಕ್ಕದಲ್ಲೇ ಪಫ್ ಪೇಸ್ಟ್ರಿ ಇರುತ್ತದೆ, ಅದನ್ನು ಎತ್ತಿಕೊಳ್ಳಬೇಡಿ. ಅದು ನಮ್ಮ ಬೇಕರಿ ಪಫ್‌ನ ಹಿಟ್ಟು. ಅದರ ಪದರಗಳ ನಡುವೆ ಬೆಣ್ಣೆ ಮೊದಲೇ ಇರುತ್ತದೆ. ಫಿಲೋದಲ್ಲಿ ಹಾಗಲ್ಲ, ಎಣ್ಣೆ ನಾವೇ ಸವರಬೇಕು. ಸಮೋಸಾ ಪಟ್ಟಿಯೂ ಇದಕ್ಕೆ ಆಗಿಬರುವುದಿಲ್ಲ, ದಪ್ಪ ಜಾಸ್ತಿ.

ಫೆಟಾ ವಿಷಯಕ್ಕೆ ಗ್ರೀಕರು ಕೋರ್ಟ್ ಮೆಟ್ಟಿಲು ಹತ್ತಿದವರು. 2002ರಲ್ಲಿ ಯುರೋಪಿಯನ್ ಒಕ್ಕೂಟ ಆ ಹೆಸರನ್ನು ಗ್ರೀಸ್‌ಗೆ ಮೀಸಲು ಮಾಡಿತು. ಜರ್ಮನಿ, ಡೆನ್ಮಾರ್ಕ್ ಒಪ್ಪಲಿಲ್ಲ. 2005ರಲ್ಲಿ ಯುರೋಪಿನ ನ್ಯಾಯಾಲಯ ಗ್ರೀಸ್ ಪರವಾಗಿಯೇ ತೀರ್ಪು ಕೊಟ್ಟಿತು. ಅಸಲಿ ಫೆಟಾ ಕುರಿಹಾಲಿನದು. ಮೇಕೆ ಹಾಲು ಸೇರಿಸಿದರೂ ಶೇ 30 ದಾಟುವ ಹಾಗಿಲ್ಲ. ಕನಿಷ್ಠ ಎರಡು ತಿಂಗಳು ಮಾಗಬೇಕು. ಹಸುವಿನ ಹಾಲಿನ ಬಿಳಿ ಚೀಸ್‌ನಲ್ಲಿ ಮಾಡಿದರೂ ಪೈ ಚೆನ್ನಾಗೇ ಬರುತ್ತದೆ, ಹುಳಿ ಮಾತ್ರ ಕಡಿಮೆ. ಪನೀರ್‌ನಲ್ಲೇ ಮುಗಿಸುತ್ತೇನೆ ಅಂದರೆ ಉಪ್ಪು ಧಾರಾಳವಾಗಿ ಬೆರೆಸಿ, ನಾಲ್ಕು ಹನಿ ನಿಂಬೆರಸ ಹಿಂಡಿ, ಒಂದು ಚಮಚ ಗಟ್ಟಿ ಮೊಸರು ಹಾಕಿ. ಶುದ್ಧ ಸಸ್ಯಾಹಾರಿಗಳು ಚೀಸ್ ಪ್ಯಾಕಿನ ಹಿಂಭಾಗ ಓದಿಕೊಳ್ಳಿ. ಹಾಲು ಒಡೆಸಲು ಕರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದು ಹಳೆಯ ಪದ್ಧತಿ.

ಸೊಪ್ಪು ಆರಿಸುವುದು

ಗ್ರೀಕರ ಹೊರ್ತಾ ಅಂದರೆ ಕೋಲಾರ, ತುಮಕೂರು ಕಡೆಯವರ ಬೆರಕೆ ಸೊಪ್ಪು ಇದ್ದ ಹಾಗೆ. ಒಂದೇ ಜಾತಿಯದಲ್ಲ, ಆ ದಿನ ಹೊಲದಲ್ಲಿ ಕಂಡದ್ದು. ವಸಂತದಲ್ಲಿ ಹೆಂಗಸರು ಚಾಕು, ಚೀಲ ಹಿಡಿದು ಹೋಗಿ ಡ್ಯಾಂಡಲಿಯನ್, ಕಾಡು ಸೋಂಪಿನ ಎಳೆ ಸೊಪ್ಪು, ಗಸಗಸೆ ಜಾತಿಯ ಕೆಂಪು ಹೂಗಿಡದ ಎಲೆ, ಮುಟ್ಟಿದರೆ ಉರಿಯುವ ತುರಿಕೆ ಗಿಡದ ಕುಡಿಯನ್ನೂ ಆಯ್ದು ತರುತ್ತಾರೆ. ಬೇಸಿಗೆಯಲ್ಲಿ ಅವರು ವ್ಲೀತಾ ತಿನ್ನುತ್ತಾರೆ. ಅದು ನಮ್ಮ ಹರಿವೆಯ ಜಾತಿಯದೇ.

ಹಾಗಾಗಿ ಇಲ್ಲಿ ಮಾಡುವಾಗ 600 ಗ್ರಾಂ ಪಾಲಕ್‌ಗೆ 400 ಗ್ರಾಂ ಹರಿವೆ ಅಥವಾ ಎಳೆ ದಂಟಿನ ಸೊಪ್ಪು ಸೇರಿಸಿದರೆ ಏನೂ ತಪ್ಪಿಲ್ಲ. ಬರೀ ಪಾಲಕ್‌ಗಿಂತ ರುಚಿ ಹೆಚ್ಚೇ. ಮೆಂತ್ಯ ಬೇಡ, ಅದರ ಘಮ ಉಳಿದದ್ದನ್ನೆಲ್ಲ ಮುಚ್ಚಿಹಾಕುತ್ತದೆ. ಸಬ್ಬಸಿಗೆ ಮಾತ್ರ ಬಿಡಬೇಡಿ. ಸ್ಪನಕೋಪಿತಾದ ನಿಜವಾದ ಪರಿಮಳ ಪಾಲಕ್‌ನದಲ್ಲ, ಸಬ್ಬಸಿಗೆಯದು. ಪಡ್ಡು, ರೊಟ್ಟಿ, ಇಡ್ಲಿಗೆಲ್ಲ ಅದನ್ನು ಹಾಕುವ ನಮಗೆ ಇದು ಹೊಸ ರುಚಿ ಅನ್ನಿಸುವುದೇ ಇಲ್ಲ.

ನೀರು ತೆಗೆಯುವ ಕೆಲಸ

ಪಾಲಕ್‌ನ ತೂಕದಲ್ಲಿ ಶೇ 90ರಷ್ಟು ನೀರೇ. ಬಿಸಿನೀರಲ್ಲಿ ಕುದಿಸಿ ಬಸಿಯುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಇರುವ ನೀರಿಗೆ ಇನ್ನಷ್ಟು ನೀರು ಕುಡಿಸಿದಂತೆ, ಅಲ್ವಾ? ಗ್ರೀಸ್‌ನ ಮನೆಗಳಲ್ಲಿ ಬಳಕೆಯಲ್ಲಿರುವ ಉಪ್ಪಿನ ದಾರಿ ವಾಸಿ.

ತೊಳೆದ ಸೊಪ್ಪನ್ನು ಬಟ್ಟೆ ಮೇಲೆ ಹರಡಿ ಆರಿಸಿ. ಒರಟಾಗಿ ಹೆಚ್ಚಿ. ದೊಡ್ಡ ಪಾತ್ರೆಗೆ ಹಾಕಿ, ಒಂದೂವರೆ ಟೀ ಚಮಚ ಉಪ್ಪು ಉದುರಿಸಿ, ಚಪಾತಿ ಹಿಟ್ಟು ನಾದುವಂತೆ ಎರಡು ನಿಮಿಷ ಕೈಯಿಂದ ಹಿಸುಕಿ. ಪಾತ್ರೆ ತುಂಬ ಇದ್ದದ್ದು ಕಣ್ಣೆದುರೇ ಕುಸಿದು ಕಾಲು ಭಾಗಕ್ಕೆ ಬರುತ್ತದೆ. ಇಪ್ಪತ್ತು ನಿಮಿಷ ಹಾಗೇ ಬಿಡಿ. ಆಮೇಲೆ ಒಂದೊಂದೇ ಹಿಡಿ ತೆಗೆದು ಹಿಂಡಿ. ಮೊದಲ ಸಲ ಹಸಿರು ನೀರು ಧಾರೆಯಾಗಿ ಬರುತ್ತದೆ. ಎರಡನೇ ಸಲ ಹನಿ. ಮೂರನೇ ಸಲಕ್ಕೆ ಕೈಯಲ್ಲಿ ಬೆರಳಿನ ಗುರುತು ಮೂಡಿದ ಗಟ್ಟಿ ಉಂಡೆ ಉಳಿಯಬೇಕು. ಹಿಡಿತ ಕಡಿಮೆ ಇರುವವರು ತೆಳ್ಳನೆ ಪಂಚೆ ಬಟ್ಟೆಯಲ್ಲಿ ಕಟ್ಟಿ ತಿರುಚಿ. ಈ ಹಂತದಲ್ಲಿ ಸೋಮಾರಿತನ ಮಾಡಿದರೆ ಆಮೇಲೆ ಯಾವ ಓವನ್ನೂ ಕಾಪಾಡುವುದಿಲ್ಲ.

ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಬಿಸಿ ಮಾಡಿ ಈರುಳ್ಳಿ, ಈರುಳ್ಳಿ ಸೊಪ್ಪನ್ನು ಸಣ್ಣ ಉರಿಯಲ್ಲಿ ಮೆತ್ತಗಾಗುವ ತನಕ ಬಾಡಿಸಿ. ಕೆಂಪಾಗುವುದು ಬೇಡ. ಪೂರ್ತಿ ತಣ್ಣಗಾದ ಮೇಲೆ ಹಿಂಡಿದ ಸೊಪ್ಪು, ಹೆಚ್ಚಿದ ಸಬ್ಬಸಿಗೆ, ಪುದೀನ, ಕೈಯಲ್ಲಿ ಪುಡಿ ಮಾಡಿದ ಫೆಟಾ, ಮೊಟ್ಟೆ, ಮೆಣಸು, ಜಾಯಿಕಾಯಿ ಎಲ್ಲ ಬೆರೆಸಿ. ಉಪ್ಪು ಮತ್ತೆ ಹಾಕಬೇಡಿ, ಫೆಟಾ ಉಪ್ಪುನೀರಲ್ಲೇ ಮಾಗಿದ್ದು. ಕೊನೆಗೆ ರವೆ. ಬೇಯುವಾಗ ಸೊಪ್ಪು ಇನ್ನೂ ಸ್ವಲ್ಪ ನೀರು ಬಿಡುತ್ತದೆ, ಅದನ್ನು ಕುಡಿಯಲು ರವೆ ಬೇಕು. ಗ್ರೀಕರು ಇದಕ್ಕೆ ಒಂದು ಹಿಡಿ ಅಕ್ಕಿಯನ್ನೋ, ಹುಳಿ ಹಾಲಿನಲ್ಲಿ ಗೋಧಿ ಬೇಯಿಸಿ ಒಣಗಿಸಿದ ತ್ರಾಹನಾವನ್ನೋ ಹಾಕುವುದುಂಟು.

ಮೊಟ್ಟೆ ತಿನ್ನದವರು ಸುಮ್ನೆ ಬಿಟ್ಟುಬಿಡಿ, ರವೆ ಒಂದು ಚಮಚ ಹೆಚ್ಚಿಸಿ. ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದಲ್ಲಿ ಗ್ರೀಕರೇ ಮೊಟ್ಟೆ, ಚೀಸ್ ಎರಡೂ ಇಲ್ಲದೆ ಇದನ್ನು ಮಾಡುತ್ತಾರೆ. ಆಗ ಸಬ್ಬಸಿಗೆ, ಈರುಳ್ಳಿ ಸೊಪ್ಪು ಎರಡು ಪಾಲು ಹಾಕಿ, ಉಪ್ಪು ನೋಡಿಕೊಳ್ಳಿ.

ಹಾಳೆ ಜೋಡಿಸುವುದು

ಫಿಲೋ ಪ್ಯಾಕನ್ನು ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ. ಮಾಡುವ ಅರ್ಧ ಗಂಟೆ ಮುಂಚೆ ಹೊರಗಿಡಿ, ಪ್ಯಾಕ್ ಮಾತ್ರ ಒಡೆಯಬೇಡಿ. ಅವಸರಕ್ಕೆ ಗಟ್ಟಿ ಇದ್ದಾಗಲೇ ಬಿಡಿಸಿದರೆ ಮಡಿಕೆ ಇದ್ದಲ್ಲೆಲ್ಲ ಸೀಳುತ್ತದೆ. ಹೂರಣ ತಯಾರಿರಲಿ, ಎಣ್ಣೆ ಬಟ್ಟಲಲ್ಲಿರಲಿ, ಬ್ರಷ್ ಕೈಯಲ್ಲಿರಲಿ. ಆಮೇಲೆ ಪ್ಯಾಕ್ ತೆರೆಯಿರಿ. ಹಾಳೆಗಳ ಮೇಲೆ ಒಣ ಬಟ್ಟೆ, ಅದರ ಮೇಲೆ ಹಿಂಡಿದ ಒದ್ದೆ ಬಟ್ಟೆ ಹೊದಿಸಿ. ಒದ್ದೆ ಬಟ್ಟೆ ನೇರ ತಾಗಿದರೆ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಫ್ಯಾನ್ ಆಫ್ ಮಾಡಿ. ಸೆಖೆಯಾದರೂ ಸರಿ.

ತಟ್ಟೆಗೆ ಎಣ್ಣೆ ಸವರಿ. ಒಂದು ಹಾಳೆ ಹಾಸಿ, ಅಂಚು ತಟ್ಟೆಯಿಂದ ಹೊರಗೆ ಜೋತಾಡಲಿ. ಎಣ್ಣೆಯನ್ನು ಬಳಿಯುವುದಕ್ಕಿಂತ ಚಿಮುಕಿಸಿ ಹಗುರಾಗಿ ಸವರುವುದು ಒಳ್ಳೆಯದು. ಒತ್ತಿದರೆ ಹಾಳೆ ಹರಿಯುತ್ತದೆ. ಹರಿದರೂ ತಲೆ ಕೆಡಿಸಿಕೊಳ್ಳಬೇಡಿ, ಮೇಲಿನ ಹಾಳೆ ಮುಚ್ಚುತ್ತದೆ. ಪ್ರತಿ ಸಲ ಹಾಳೆಯನ್ನು ಸ್ವಲ್ಪ ತಿರುಗಿಸಿ ಹಾಕುತ್ತ ಹೋದರೆ ಸುತ್ತಲೂ ಅಂಚು ಸಿಗುತ್ತದೆ. ತಳಕ್ಕೆ ಆರು ಹಾಳೆ ಸಾಕು. ಹೂರಣ ಹರಡಿ. ಮೇಲೆ ಮತ್ತೆ ಐದು ಹಾಳೆ. ಇವು ಬಿಗಿಯಾಗಿ ಹಾಸಬೇಕಿಲ್ಲ, ಸ್ವಲ್ಪ ಸುಕ್ಕಾದರೆ ಇನ್ನೂ ಗರಿಗರಿ. ಜೋತಾಡುವ ಅಂಚನ್ನು ಒಳಕ್ಕೆ ಸುರುಳಿ ಸುತ್ತಿ ಎಣ್ಣೆ ಹಚ್ಚಿ.

ಈಗಲೇ ಚಾಕುವಿನಿಂದ ತುಂಡುಗಳ ಗೆರೆ ಹಾಕಿ. ಮೇಲಿನ ಹಾಳೆಗಳು ಮಾತ್ರ ಕೊಯ್ದುಕೊಳ್ಳಲಿ, ತಳ ಮುಟ್ಟಬಾರದು. ಆ ಸೀಳಿನಿಂದ ಹಬೆ ಹೊರಗೆ ಹೋಗುತ್ತದೆ. ಬೆಂದ ಮೇಲೆ ಹೊಸದಾಗಿ ಕೊಯ್ಯಲು ಹೋದರೆ ಪದರವೆಲ್ಲ ಚೂರುಚೂರು. ಕೈ ಒದ್ದೆ ಮಾಡಿ ಮೇಲೆ ಒಂದಿಷ್ಟು ನೀರು ಚಿಮುಕಿಸಿ. ಇಷ್ಟು ಹೊತ್ತು ನೀರನ್ನು ಬೈದು ಈಗ ನಾನೇ ಹಾಕಿಸುತ್ತಿದ್ದೇನೆ, ನಿಜ. ಈ ಹನಿಗಳು ತುದಿಗಳು ಬೇಗ ಸೀಯದಂತೆ, ಸುರುಟದಂತೆ ತಡೆಯುತ್ತವೆ.

ಬೇಯಿಸುವುದು

ಓವನ್ 180 ಡಿಗ್ರಿಗೆ ಮೊದಲೇ ಕಾದಿರಲಿ. ತಟ್ಟೆ ಕೆಳಗಿನ ಅರೆಯಲ್ಲಿಡಿ, ತಳಕ್ಕೆ ಶಾಖ ತಟ್ಟಬೇಕು. ಗಾಜಿನ ಪಾತ್ರೆಗಿಂತ ಲೋಹದ ತಟ್ಟೆಯೇ ಸರಿ. 50ರಿಂದ 60 ನಿಮಿಷ ಹಿಡಿಯುತ್ತದೆ. ಮನೆಯ ಓಟಿಜಿಯಲ್ಲಾದರೆ ಮೇಲಿನ, ಕೆಳಗಿನ ಎರಡೂ ಕಾಯಿಲ್ ಹಾಕಿ. ಮೇಲ್ಭಾಗ ಬೇಗ ಕೆಂಪಾದರೆ ಫಾಯಿಲ್ ಸಡಿಲವಾಗಿ ಇಡಿ. ಬಣ್ಣ ನೋಡಿ ಮೋಸ ಹೋಗಬೇಡಿ, ಮೇಲೆ ಹೊಂಬಣ್ಣ ಬಂದಾಗ ತಳ ಇನ್ನೂ ಬೆಳ್ಳಗಿರಬಹುದು. ತಟ್ಟೆ ಅಲ್ಲಾಡಿಸಿ. ಪೈ ಇಡಿಯಾಗಿ ಸರಿದಾಡಿದರೆ ತಳ ಬೆಂದಿದೆ.

ಹೊರಗೆ ತೆಗೆದ ಮೇಲೆ ಅರ್ಧ ಗಂಟೆ ಬಿಡಿ. ಮುಚ್ಚಬೇಡಿ. ಮುಚ್ಚಿದರೆ ಹಬೆ ನೀರಾಗಿ ವಾಪಸ್ ಅದರ ಮೇಲೇ ಬೀಳುತ್ತದೆ. ಬೆಚ್ಚಗಿದ್ದಾಗ ಅಥವಾ ತಣ್ಣಗಾದ ಮೇಲೆ ತಿನ್ನುವುದೇ ರೂಢಿ, ಜೊತೆಗೆ ಗಟ್ಟಿ ಮೊಸರು.

ಫಿಲೋ ಸಿಗದಿದ್ದರೆ

ಮನೆಯಲ್ಲೇ ಲಟ್ಟಿಸಬಹುದು. ಅರ್ಧ ಕಿಲೋ ಮೈದಾ, ಒಂದು ಟೀ ಚಮಚ ಉಪ್ಪು, ಮೂರು ದೊಡ್ಡ ಚಮಚ ಆಲಿವ್ ಎಣ್ಣೆ, ಒಂದು ಚಮಚ ವಿನೆಗರ್, ಕಾಲು ಲೀಟರ್‌ನಷ್ಟು ಬೆಚ್ಚನೆ ನೀರು. ಮೆತ್ತಗೆ ಕಲಸಿ ಒಂದು ಗಂಟೆ ಮುಚ್ಚಿಡಿ. ಗ್ರೀಕ್ ಅಜ್ಜಿಯರು ಮೀಟರ್ ಹತ್ತಿರ ಹತ್ತಿರ ಉದ್ದದ ಸಪೂರ ಕೋಲಿಗೆ ಹಿಟ್ಟು ಸುತ್ತಿ ಸುತ್ತಿ ಬಿಡಿಸುತ್ತಾರೆ. ನಮ್ಮ ಲಟ್ಟಣಿಗೆಯಲ್ಲಿ ಅಷ್ಟು ತೆಳ್ಳಗೆ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ, ಹಳ್ಳಿಯ ಫಿಲೋ ದಪ್ಪವೇ. ತಳಕ್ಕೆ ಮೂರು, ಮೇಲೆ ಎರಡು ಹಾಳೆ ಸಾಕು.

ಅದೂ ಬೇಡ ಅನ್ನುವವರಿಗೆ ಇಪಿರಸ್‌ನಲ್ಲೇ ಬ್ಲಾತ್ಸಾರ್ಯಾ ಇದೆ. ಹಾಳೆಯ ಬದಲು ಮೆಕ್ಕೆಜೋಳದ ಹಿಟ್ಟು. ಎಣ್ಣೆ ಸವರಿದ ತಟ್ಟೆಗೆ ಹಳದಿ ಹಿಟ್ಟು ಉದುರಿಸಿ, ಇದೇ ಹೂರಣ ಹರಡಿ, ಮೇಲೆ ಮತ್ತೆ ಹಿಟ್ಟು ಉದುರಿಸಿ, ನೀರು ಮತ್ತು ಎಣ್ಣೆ ಚಿಮುಕಿಸಿ ಬೇಯಿಸುವುದು. ಅಂಗಡಿಯ ಬಿಳಿ ಕಾರ್ನ್‌ಫ್ಲೋರ್ ಇದಕ್ಕಲ್ಲ, ಅದು ಬರೀ ಪಿಷ್ಟ.

ಉಳಿದ ತುಂಡುಗಳನ್ನು ಮೈಕ್ರೊವೇವ್‌ಗೆ ಇಡಬೇಡಿ, ಚಕ್ಕಳವಾಗುತ್ತದೆ. ಓವನ್‌ನಲ್ಲಿ ಹತ್ತು ನಿಮಿಷ ಬಿಸಿ ಮಾಡಿದರೆ ಗರಿ ಮರಳುತ್ತದೆ. ಮುಂದಿನ ವಾರಕ್ಕೆ ಬೇಕಾದರೆ ಬೇಯಿಸುವ ಮುಂಚೆಯೇ, ಗೆರೆ ಹಾಕಿ, ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ ಫ್ರೀಜರ್‌ನಲ್ಲಿಡಿ. ಬೇಕಾದ ದಿನ ಪ್ಲಾಸ್ಟಿಕ್ ಬಿಚ್ಚಿ, ಕರಗಿಸದೆ ನೇರವಾಗಿ ಓವನ್‌ಗೆ ಹಾಕಿ, ಇಪ್ಪತ್ತು ನಿಮಿಷ ಹೆಚ್ಚು ಬೇಯಿಸಿ.