ಜೆಂಡರ್ ಸ್ಟಡೀಸ್ ಓದಿದರೆ ಸಂಬಳ ಎಷ್ಟು, ಸಾಲ ಎಷ್ಟು? ನೋಡುವುದು ಹೀಗೆ

ಅಮೆರಿಕದ ಫ್ರೀಮಾಂಟ್‌ನಲ್ಲಿರುವ ನಮ್ಮಕ್ಕನ ಮಗಳು ಎಥ್ನಿಕ್ ಸ್ಟಡೀಸ್ (ಬೇರೆ ಬೇರೆ ಜನಾಂಗಗಳ ಅಧ್ಯಯನ) ಓದುತ್ತೇನೆ ಅಂದ ರಾತ್ರಿ ಭಾವ ಊಟಕ್ಕೇ ಏಳಲಿಲ್ಲವಂತೆ. ಮರುದಿನ ಅವರ ಕನ್ನಡ ಬಳಗದ ವಾಟ್ಸ್‌ಆ್ಯಪ್ ಗುಂಪಿಗೆ ಒಬ್ಬರು 'ಅತಿ ಕಡಿಮೆ ಸಂಬಳದ ಡಿಗ್ರಿಗಳು' ಅಂತ ಒಂದು ಪಟ್ಟಿ ಹಾಕಿದರು. ಇನ್ನೊಬ್ಬರು ಅದೇ ಅಂಕಿಯನ್ನು ರೂಪಾಯಿಗೆ ಗುಣಿಸಿ, "ತಿಂಗಳಿಗೆ ಲಕ್ಷಗಟ್ಟಲೆ ಆಯ್ತಲ್ಲ, ಬಿಡಿ" ಅಂದರು. ಬಾಡಿಗೆ ಡಾಲರ್‌ನಲ್ಲೇ ಕಟ್ಟಬೇಕು ಸ್ವಾಮಿ. ಇಂಥ ಪಟ್ಟಿಗಳನ್ನು ಮೊದಲು ಡಿಲೀಟ್ ಮಾಡಿ. ಸರಿಯಾದ ಅಂಕಿ ಪುಕ್ಕಟೆಯಾಗಿ ಸಿಗುತ್ತದೆ.

ಹೆಜ್ಜೆ 1: ಅಮೆರಿಕದ ಶಿಕ್ಷಣ ಇಲಾಖೆಯ 'ಕಾಲೇಜ್ ಸ್ಕೋರ್‌ಕಾರ್ಡ್' ತಾಣ ತೆರೆಯಿರಿ, ಕಾಲೇಜಿನ ಹೆಸರು ಹಾಕಿ, 'ಫೀಲ್ಡ್ಸ್ ಆಫ್ ಸ್ಟಡಿ' ಒತ್ತಿ. ಅಷ್ಟೇ.

ಹೆಜ್ಜೆ 2: ನಿಮ್ಮ ವಿಷಯ ಯಾವ ಡಬ್ಬಿಯಲ್ಲಿದೆ ನೋಡಿ. ಪ್ರತಿ ವಿಷಯಕ್ಕೂ ಒಂದು ಸರ್ಕಾರಿ ಕೋಡ್ ಇದೆ. ಸೌತ್ ಏಷ್ಯನ್ ಸ್ಟಡೀಸ್‌ನಂಥ ಪ್ರದೇಶ ಅಧ್ಯಯನಗಳು 05.01ರಲ್ಲಿ. ಎಥ್ನಿಕ್ ಸ್ಟಡೀಸ್, ಜೆಂಡರ್ ಸ್ಟಡೀಸ್ (ಲಿಂಗತ್ವದ ಅಧ್ಯಯನ) ಎರಡೂ 05.02ರಲ್ಲಿ. ಈ ಎರಡನೇ ಡಬ್ಬಿಯೊಳಗೆ ಆಫ್ರಿಕನ್-ಅಮೆರಿಕನ್, ಏಷ್ಯನ್-ಅಮೆರಿಕನ್, ಮಹಿಳಾ ಅಧ್ಯಯನ ಎಲ್ಲವೂ ಒಟ್ಟಿಗಿವೆ. ಡೆಫ್ ಸ್ಟಡೀಸ್ (ಕಿವುಡರ ಬದುಕಿನ ಅಧ್ಯಯನ), ಜಾನಪದ ಕೂಡ ಇಲ್ಲೇ! ಹಾವೇರಿ ಹತ್ತಿರ ಗೊಟಗೋಡಿಯಲ್ಲಿ ಒಂದು ವಿಶ್ವವಿದ್ಯಾಲಯವನ್ನೇ ಕಟ್ಟಿಸಿಕೊಂಡ ವಿಷಯ ಅಲ್ಲಿ ಇನ್ನೊಂದರ ಬಾಲವಾಗಿ ಕೂತಿದೆ. ಹಾಗಾಗಿ ತೆರೆಯ ಮೇಲೆ ಕಾಣುವ ಸಂಬಳ ಈ ಡಬ್ಬಿಯಲ್ಲಿ ಆ ಕಾಲೇಜು ಕಲಿಸುವ ವಿಷಯಗಳೆಲ್ಲ ಕಲಸಿದ ಅಂಕಿ. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್‌ನಲ್ಲಿ 1968-69ರ ವಿದ್ಯಾರ್ಥಿ ಮುಷ್ಕರದ ನಂತರ ಎಥ್ನಿಕ್ ಸ್ಟಡೀಸ್‌ಗೇ ಪ್ರತ್ಯೇಕ ಕಾಲೇಜು ಬಂತು. ಸ್ಯಾನ್ ಡಿಯೇಗೊ ಸ್ಟೇಟ್‌ನಲ್ಲಿ 1970ರಿಂದಲೇ ಮಹಿಳಾ ಅಧ್ಯಯನ ಇದೆ. ಇಷ್ಟು ಹಳೆಯ, ದೊಡ್ಡ ವಿಭಾಗ ಇದ್ದರೆ ಅಂಕಿ ಸಿಗುವ ಸಾಧ್ಯತೆ ಜಾಸ್ತಿ. ಚಿಕ್ಕ ಕಾಲೇಜಿನಲ್ಲಿ ವರ್ಷಕ್ಕೆ ನಾಲ್ಕು ಜನ ಪಾಸಾದರೆ, ಅವರ ಗುಟ್ಟು ಹೊರಬೀಳಬಾರದು ಅಂತ ಜಾಗ ಖಾಲಿ ಬಿಟ್ಟಿರುತ್ತಾರೆ. ಖಾಲಿ ಅಂದರೆ ಸಂಬಳ ಸೊನ್ನೆ ಅಂತಲ್ಲ.

ಹೆಜ್ಜೆ 3: ಯಾರನ್ನು ಎಣಿಸಿದ್ದಾರೆ? ಎಲ್ಲರೂ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ. ಮೊದಲನೆಯದಾಗಿ ಇದು ಸರಾಸರಿ ಅಲ್ಲ, ಮೀಡಿಯನ್. ಶಾಲೆಯ ಪ್ರಾರ್ಥನೆಗೆ ಎತ್ತರದ ಪ್ರಕಾರ ಸಾಲು ನಿಲ್ಲಿಸುತ್ತಿದ್ದರಲ್ಲ, ಹಾಗೆ ಸಂಬಳದ ಪ್ರಕಾರ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಸಂಬಳ. ಎರಡನೆಯದಾಗಿ, ಆ ಸಾಲಿನಲ್ಲಿ ಇರುವುದು ಅಮೆರಿಕದ ಕೇಂದ್ರ ಸರ್ಕಾರದ ಪೆಲ್ ಗ್ರಾಂಟ್ (ಬಡ ಮಕ್ಕಳಿಗೆ ಕೊಡುವ, ವಾಪಸ್ ಕಟ್ಟಬೇಕಿಲ್ಲದ ಹಣ) ಅಥವಾ ಸಾಲದಂಥ ನೆರವು ಪಡೆದವರು ಮಾತ್ರ. ಅಪ್ಪ ಅಮ್ಮನೇ ಪೂರ್ತಿ ಫೀಸು ಕಟ್ಟಿದ ಮಕ್ಕಳು ಇಲ್ಲ. ಇಲ್ಲಿಂದ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋದ ಮಕ್ಕಳಿಗೆ ಆ ನೆರವೇ ಸಿಗುವುದಿಲ್ಲ, ಹಾಗಾಗಿ ಅವರೂ ಇಲ್ಲ. ಧಾರವಾಡದಿಂದಲೋ ವಿಜಯಪುರದಿಂದಲೋ ಎಂ.ಎ.ಗೆ ಹೊರಟವರು ಈ ಅಂಕಿ ನೋಡಿ ಬ್ಯಾಂಕ್ ಸಾಲಕ್ಕೆ ಸಹಿ ಹಾಕಬೇಡಿ. ಮೂರನೆಯದು, ಅಳೆಯುವ ವರ್ಷದಲ್ಲಿ ಇನ್ನೂ ಓದುತ್ತಿರುವವರನ್ನೂ ದುಡಿಮೆ ಇಲ್ಲದವರನ್ನೂ ಬಿಟ್ಟಿದ್ದಾರೆ. ಈ ವಿಷಯ ಓದಿದವರಲ್ಲಿ ಲಾ ಸ್ಕೂಲ್‌ಗೋ ಸೋಷಿಯಲ್ ವರ್ಕ್ ಎಂ.ಎ.ಗೋ ಹೋಗುವವರು ಇದ್ದೇ ಇರುತ್ತಾರೆ. ಮುಂದೆ ಚೆನ್ನಾಗಿ ದುಡಿಯುವವರು ಸಾಲಿನಿಂದ ಹೊರಗೆ, ಕೆಲಸ ಸಿಗದೆ ಮನೆಯಲ್ಲಿ ಕೂತವರೂ ಹೊರಗೆ. ಅಂಕಿ ಯಾವ ಕಡೆ ವಾಲಿದೆ ಅಂತ ಸುಮ್ನೆ ಊಹಿಸೋಕಾಗಲ್ಲ. ಅದಕ್ಕೇ ಪಾಸಾದ ಮೊದಲ ವರ್ಷದ ಸಂಬಳವನ್ನು ನಾನು ನೋಡುವುದೇ ಇಲ್ಲ. ನಾಲ್ಕೈದು ವರ್ಷದ ನಂತರದ್ದು ಇದ್ದರೆ ಅದನ್ನೇ ನೋಡಿ, ಇಲ್ಲದಿದ್ದರೆ ತೀರ್ಮಾನ ಮಾಡಬೇಡಿ.

ಹೆಜ್ಜೆ 4: ಸಾಲ. ಇದು ಬೇರೆಯದೇ ಸಾಲು. ಸರ್ಕಾರಿ ಸಾಲ ಪಡೆದು ಪಾಸಾದವರು ಮಾತ್ರ ಇಲ್ಲಿದ್ದಾರೆ. ಬರೀ ಪೆಲ್ ಗ್ರಾಂಟ್‌ನಲ್ಲಿ ಓದಿದ ಹುಡುಗಿ ಸಂಬಳದ ಸಾಲಿನಲ್ಲಿ ಇರುತ್ತಾಳೆ, ಸಾಲದ ಸಾಲಿನಲ್ಲಿ ಇರಲ್ಲ. ಆದ್ದರಿಂದ ಒಂದನ್ನು ಇನ್ನೊಂದರಿಂದ ಭಾಗಿಸಿ 'ಇಷ್ಟು ವರ್ಷದಲ್ಲಿ ತೀರುತ್ತೆ' ಅನ್ನುವ ಲೆಕ್ಕ ಬೇಡ. ಖಾಸಗಿ ಸಾಲ ಇದರಲ್ಲಿ ಸೇರಿಲ್ಲ. ಪೇರೆಂಟ್ ಪ್ಲಸ್, ಅಂದರೆ ಅಪ್ಪ ಅಮ್ಮ ತಮ್ಮ ಹೆಸರಿನಲ್ಲಿ ತೆಗೆಯುವ ಸಾಲ, ಪ್ರತ್ಯೇಕವಾಗಿದೆ, ಅದನ್ನು ಹುಡುಕಿ ನೋಡಲೇಬೇಕು. ತಂದೆ ತಾಯಿಯ ಆಸರೆಯಲ್ಲಿರುವ ವಿದ್ಯಾರ್ಥಿಗೆ ಸರ್ಕಾರಿ ಸಾಲದ ಮಿತಿ ಮೊದಲ ವರ್ಷ 5,500 ಡಾಲರ್, ಎರಡನೆಯದಕ್ಕೆ 6,500, ಆಮೇಲೆ 7,500ರಂತೆ. ನಾಲ್ಕು ವರ್ಷಕ್ಕೆ ಒಟ್ಟು 27,000. ಅದಕ್ಕೇ ಯಾವ ವಿಷಯ ತೆಗೆದರೂ ಈ ಅಂಕಿ ಹೆಚ್ಚುಕಡಿಮೆ ಅದೇ ಆಸುಪಾಸಿನಲ್ಲಿ ಕಾಣುತ್ತದೆ, ಮಿಕ್ಕ ಹೊರೆ ಅಪ್ಪ ಅಮ್ಮನ ಹೆಸರಲ್ಲಿ ಅಡಗಿರುತ್ತದೆ. 27,000ಕ್ಕೆ ಶೇ 6 ಬಡ್ಡಿ, 10 ವರ್ಷ ಅಂತ ಹಿಡಿದರೆ ತಿಂಗಳಿಗೆ ಸುಮಾರು 300 ಡಾಲರ್ ಕಂತು. ಸಂಬಳದ ಪಕ್ಕ ಬರೆದುಕೊಳ್ಳಬೇಕಾದ್ದು ಈ 300.

ಹೆಜ್ಜೆ 5: ಅದೇ ಕಾಲೇಜಿನ ಸೋಷಿಯಾಲಜಿ, ಇಂಗ್ಲಿಷ್, ಸೈಕಾಲಜಿ ಜೊತೆ ಹೋಲಿಸಿ. ಕಂಪ್ಯೂಟರ್ ಸೈನ್ಸ್ ಜೊತೆ ಅಲ್ಲ. ಭಾವ ಮಾಡಿದ್ದು ಅದನ್ನೇ. ಆ ಹುಡುಗಿ ಕೋಡಿಂಗ್ ಕಡೆ ತಲೆಯೇ ಹಾಕಿದವಳಲ್ಲ, ಅವಳ ಮುಂದಿದ್ದ ಇನ್ನೊಂದು ದಾರಿ ಸೋಷಿಯಾಲಜಿ. ಬೇರೆ ಬೇರೆ ಊರಿನ ಕಾಲೇಜುಗಳನ್ನೂ ಪಕ್ಕಪಕ್ಕ ಇಡಬೇಡಿ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಸಂಬಳವೂ ಜಾಸ್ತಿ, ಬಾಡಿಗೆಯೂ ಜಾಸ್ತಿ.

ಇಷ್ಟನ್ನೇ ಬಣ್ಣದ ಗ್ರಾಫ್ ಹಾಕಿ ನೂರಾರು ಡಾಲರ್‌ಗೆ ಮಾರುವ ಸಲಹೆಗಾರರಿದ್ದಾರೆ. ಅಕ್ಕ ಒಬ್ಬರಿಗೆ ಕೊಟ್ಟೂ ಬಂದಳು. ವರದಿಯಲ್ಲಿ ಇದ್ದದ್ದು ಮೊದಲ ವರ್ಷದ ಸಂಬಳ ಒಂದೇ.

ಹೆಜ್ಜೆ 6: 2025ರ ಹೊಸ ಕಾಯಿದೆ ನೆನಪಿಡಿ. ಜುಲೈ 2026ರಿಂದ ಜಾರಿ. ಬಿ.ಎ. ಪಾಸಾಗಿ ನಾಲ್ಕು ವರ್ಷವಾದವರ ನಡುವಿನ ಸಂಬಳ ಬರೀ ಹೈಸ್ಕೂಲ್ ಓದಿದವರದಕ್ಕಿಂತ ಕಡಿಮೆ ಅಂತ ಮೂರು ವರ್ಷದಲ್ಲಿ ಎರಡು ಸಲ ಬಂದರೆ, ಆ ಕೋರ್ಸಿಗೆ ಸರ್ಕಾರಿ ಸಾಲ ಸಿಗುವುದಿಲ್ಲ. ವಿಭಾಗಕ್ಕೆ ಒಂದು ಇಮೇಲ್ ಹಾಕಿ ಎರಡು ಪ್ರಶ್ನೆ ಕೇಳಿ: ಈ ಪರೀಕ್ಷೆಯಲ್ಲಿ ನೀವು ಎಲ್ಲಿದ್ದೀರಿ? ಕಳೆದ ಎರಡು ವರ್ಷ ಪಾಸಾದವರು ಈಗ ಎಲ್ಲಿ ಏನು ಮಾಡುತ್ತಿದ್ದಾರೆ? ಒಂದು ವಾರ ನೋಡಿ, ಉತ್ತರ ಬರದಿದ್ದರೆ ಫೋನ್ ಮಾಡಿ. ಅಪ್ಪ ಅಮ್ಮ ಅಲ್ಲ, ಓದುವ ಹುಡುಗಿಯೇ ಮಾಡಲಿ.